ಓದುಗರ ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಎಂಜಿನಿಯರಿಂಗ್ ಪರಿಚಯ

ಎಂಜಿನಿಯರಿಂಗ್ ಓದಿನ ಬಗ್ಗೆ ಕೊಡಗಿನ ಓದುಗರು ಕಳುಹಿಸಿರುವ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನದಂದು ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಈ ವೃತ್ತಿಯ ಪರಿಚಯ ಮಾಡಿಸಬೇಕೆಂದು ಮುಖ್ಯ ಶಿಕ್ಷಕರು ನನಗೆ ಹೇಳಿದ್ದಾರೆ. ಕಳೆದ ವರ್ಷ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಹಾಕಿ, ಎರಡು ಭಾಷಣ ಮಾಡಿಸಿ ಮುಗಿಸಿದೆವು. ಎಂಜಿನಿಯರ್ ಎಂದರೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಎಂಬುದಷ್ಟೇ ನಮ್ಮ ಮಕ್ಕಳ ತಿಳಿವಳಿಕೆ. ನಮ್ಮಲ್ಲಿ ದೊಡ್ಡ ಪ್ರಯೋಗಾಲಯವೂ ಇಲ್ಲ. ಏನು ಮಾಡಬಹುದು?
— ವಿಜ್ಞಾನ ಶಿಕ್ಷಕಿ, ನಾಪೋಕ್ಲು

ಉತ್ತರ: ಮಾಲೆ ಹಾಕುವುದನ್ನು ಬಿಡಬೇಕಾಗಿಲ್ಲ, ಆದರೆ ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ತಮ್ಮದೇ ಮೇಣದಬತ್ತಿ ಹಚ್ಚುತ್ತಿದ್ದರು ಎಂಬ ಎರಡು ಮೇಣದಬತ್ತಿಗಳ ಕಥೆಯನ್ನು ಈ ವರ್ಷ ಬಿಟ್ಟುಬಿಡಿ. ಅದು ಪ್ರಾಮಾಣಿಕತೆಯ ಕಥೆಯೇ ಹೊರತು ಎಂಜಿನಿಯರಿಂಗ್‌ನ ಕಥೆಯಲ್ಲ. ಅದರ ಬದಲು 1903ರಲ್ಲಿ ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳ ವಿಷಯ ಹೇಳಿ. ಅಣೆಕಟ್ಟೆಯ ಕಟ್ಟಡವನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬೇಕು, ಆದರೆ ಪ್ರವಾಹ ಬಂದಾಗ ಕಟ್ಟೆಗೆ ಅಪಾಯವೂ ಆಗಬಾರದು ಎಂಬುದು ಅವರ ಮುಂದಿದ್ದ ಸಮಸ್ಯೆ; ನೀರು ಒಂದು ಮಟ್ಟ ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳು ಅವರು ಕಂಡುಕೊಂಡ ಪರಿಹಾರ. ಹಣ, ಸಮಯ, ಸಾಮಗ್ರಿ, ಸುರಕ್ಷತೆ ಎಂಬ ಕಟ್ಟುಪಾಡುಗಳೊಳಗೆ ಕೆಲಸವಾಗುವ ಒಂದು ದಾರಿಯನ್ನು ಲೆಕ್ಕ ಹಾಕಿ ಹುಡುಕುವುದೇ ಎಂಜಿನಿಯರ್ ಕೆಲಸ ಎಂಬುದು ಈ ಒಂದು ಉದಾಹರಣೆಯಿಂದ ಮಕ್ಕಳಿಗೆ ಅರ್ಥವಾಗುತ್ತದೆ.

ಆಮೇಲೆ ಭಾಷಣ ನಿಲ್ಲಿಸಿ, ಮಕ್ಕಳ ಕೈಗೆ ಲೆಕ್ಕ ಕೊಡಿ. ನಿಮ್ಮ ತರಗತಿಯ ಹಲವರ ಮನೆಗಳಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುತ್ತಾರೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಒಂದು ಇಂಚು, ಅಂದರೆ 2.54 ಸೆಂಟಿಮೀಟರ್ ಮಳೆಯಷ್ಟು ನೀರು ಬೀಳಬೇಕಾದರೆ ಸುಮಾರು 1,03,000 ಲೀಟರ್ ಬೇಕು. ಈ ಸಂಖ್ಯೆಯನ್ನು ಮಕ್ಕಳೇ ಗುಣಿಸಿ ಕಂಡುಕೊಳ್ಳಲಿ. ಮನೆಯ ಕೆರೆ ಏಪ್ರಿಲ್ ಹೊತ್ತಿಗೆ ಏಕೆ ತಳ ಕಾಣುತ್ತದೆ ಎಂಬುದು ಅವರಿಗೆ ಆಗಲೇ ಹೊಳೆಯುತ್ತದೆ. ಕೆರೆಯಿಂದ ತೋಟದ ಮೇಲಿನ ಅಂಚಿಗೆ 30 ಮೀಟರ್ ಏರು ಇದೆ, ಸ್ಪ್ರಿಂಕ್ಲರ್‌ ನೀರು ಚಿಮ್ಮಿಸಲು ಬೇಕಾದ ಒತ್ತಡ ಇನ್ನೂ 30 ಮೀಟರ್ ಎತ್ತರಕ್ಕೆ ಸಮ ಎಂದಿಟ್ಟುಕೊಳ್ಳೋಣ. ಒಂಬತ್ತನೇ ತರಗತಿಯಲ್ಲಿ ಕಲಿಸುವ ಸೂತ್ರದಂತೆ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರೆ ಸುಮಾರು ಆರು ಕೋಟಿ ಜೂಲ್, ಅಂದರೆ ಹದಿನೇಳು ಯೂನಿಟ್ ವಿದ್ಯುತ್ ಆಗುತ್ತದೆ. ಪಂಪು, ಮೋಟಾರು, ಪೈಪಿನ ಘರ್ಷಣೆ ಎಲ್ಲ ಸೇರಿ ಅರ್ಧ ಶಕ್ತಿಯನ್ನು ನುಂಗುತ್ತವೆ ಎಂದುಕೊಂಡರೆ ಬಿಲ್ಲಿನಲ್ಲಿ ಬರುವುದು ಮೂವತ್ತನಾಲ್ಕು ಯೂನಿಟ್.

ಇಷ್ಟರವರೆಗೆ ಇದು ಭೌತವಿಜ್ಞಾನ. ಸಣ್ಣ ಪೈಪು ಅಗ್ಗವಲ್ಲವೇ, ಅದನ್ನೇ ಹಾಕಿದರೆ ಏನಾಗುತ್ತದೆ ಎಂದು ಕೇಳಿದಾಗ ಎಂಜಿನಿಯರಿಂಗ್ ಶುರುವಾಗುತ್ತದೆ. ಅಷ್ಟೇ ನೀರನ್ನು ಅಷ್ಟೇ ಹೊತ್ತಿನಲ್ಲಿ ಅರ್ಧ ವ್ಯಾಸದ ಪೈಪಿನಲ್ಲಿ ಸಾಗಿಸಲು ಹೊರಟರೆ ಘರ್ಷಣೆಯ ನಷ್ಟ ಸುಮಾರು ಮೂವತ್ತೆರಡು ಪಟ್ಟು ಏರುತ್ತದೆ. ಹಾಗಾದರೆ ಪೈಪಿಗೆ ಒಮ್ಮೆ ಹೆಚ್ಚು ಹಣ ಕೊಡುವುದೋ, ಪ್ರತಿ ಬೇಸಿಗೆಯಲ್ಲೂ ಡೀಸೆಲ್‌ಗೋ ಕರೆಂಟಿಗೋ ಕೊಡುವುದೋ? ಇದಕ್ಕೆ ಪಠ್ಯಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ಇರುವುದಿಲ್ಲ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗೋಣಿಕೊಪ್ಪಲಿನ ಅಂಗಡಿಯಿಂದ ಪೈಪಿನ ದರ ಕೇಳಿಕೊಂಡು ಬರಲು ಹೇಳಿ, ಪ್ರತಿ ಗುಂಪೂ ತನ್ನ ಆಯ್ಕೆಯನ್ನು ತರಗತಿಯ ಮುಂದೆ ಸಮರ್ಥಿಸಿಕೊಳ್ಳಲಿ. ಬೇರೆ ಬೇರೆ ಗುಂಪುಗಳ ಉತ್ತರ ಬೇರೆ ಬೇರೆಯಾದರೆ ಗಾಬರಿಯಾಗಬೇಡಿ. ವೃತ್ತಿಯಲ್ಲಿಯೂ ಹಾಗೆಯೇ ಆಗುತ್ತದೆ.

ಎರಡನೆಯ ವಸ್ತು ರಸ್ತೆ ಬದಿಯ ತಡೆಗೋಡೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಭಾಗದ ಬೆಟ್ಟಗಳು ಕುಸಿದದ್ದನ್ನು ನಿಮ್ಮ ಮಕ್ಕಳು ಮನೆಯಲ್ಲಿ ಕೇಳಿಯೇ ಇರುತ್ತಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಕಾಣುವ ತಡೆಗೋಡೆಗಳಲ್ಲಿ ಸಾಲಾಗಿ ತೂತುಗಳಿರುವುದನ್ನು ಅವರು ನೋಡಿರಬಹುದು, ಆದರೆ ಅವು ಏಕಿವೆ ಎಂದು ಯಾರೂ ಹೇಳಿರಲಾರರು. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಮಣ್ಣಿನ ಒತ್ತಡವನ್ನು ಬಿಟ್ಟು ನೀರೊಂದೇ ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು ನಾಲ್ಕೂವರೆ ಟನ್ ತೂಕದಷ್ಟು ಬಲದಿಂದ ತಳ್ಳುತ್ತದೆ. ತೂತುಗಳು ಆ ನೀರನ್ನು ಹೊರಗೆ ಬಿಡುತ್ತವೆ. ಒಂದು ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿ ಕತ್ತರಿಸಿ, ಅಲ್ಲಿ ದಪ್ಪ ರಟ್ಟಿನ ಗೋಡೆ ನಿಲ್ಲಿಸಿ, ಹಿಂದೆ ತೋಟದ ಕೆಮ್ಮಣ್ಣು ತುಂಬಿ, ಮೇಲಿನಿಂದ ಹೂಜಿಯಲ್ಲಿ ನೀರು ಸುರಿದು ತೋರಿಸಿ. ಒಮ್ಮೆ ತೂತಿಲ್ಲದ ಗೋಡೆ, ಇನ್ನೊಮ್ಮೆ ತೂತು ಕೊರೆದು ಅದರ ಹಿಂದೆ ಸಣ್ಣ ಜಲ್ಲಿ ಹಾಕಿದ ಗೋಡೆ. ಯಾವುದು ಎಷ್ಟು ನೀರಿಗೆ ಬಾಗಿತು ಎಂದು ಮಕ್ಕಳೇ ಬರೆದುಕೊಳ್ಳಲಿ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಊರಿನಲ್ಲಿ, ಮನೆಗೋ ಹೋಂಸ್ಟೇಗೋ ಜಾಗ ಮಾಡಲು ಇಳಿಜಾರನ್ನು ನೆಟ್ಟಗೆ ಕಡಿದು, ನೀರು ಹೋಗುವ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬ ಚರ್ಚೆ ಅಲ್ಲಿಂದ ತಾನಾಗಿಯೇ ಬೆಳೆಯುತ್ತದೆ.

ಹೊರಗಿನಿಂದ ಯಾರನ್ನು ಕರೆಯುವುದು ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಿಂತ ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ಅಥವಾ ಮಳೆಗಾಲದಲ್ಲಿ ಮರ ಬಿದ್ದ ವಿದ್ಯುತ್ ಮಾರ್ಗವನ್ನು ಸರಿಪಡಿಸುವ, ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ಶಾಖಾಧಿಕಾರಿ ನಿಮ್ಮ ಮಕ್ಕಳಿಗೆ ಹೆಚ್ಚು ಉಪಯುಕ್ತರು. ಯಶಸ್ಸಿನ ಗುಟ್ಟು ಕೇಳದೆ, ಈ ವಾರ ಯಾವ ಕೆಲಸ ಕೆಟ್ಟಿತು, ಅದನ್ನು ಹೇಗೆ ಸರಿಮಾಡಿದಿರಿ ಎಂದು ಕೇಳುವಂತೆ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮತ್ತು ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಜಿಲ್ಲೆಯಲ್ಲೇ ಇವೆ. ಅಲ್ಲಿನ ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ತಂದು ತೋರಿಸಿದರೆ ಸಾಕು, ಪ್ರವೇಶದ ಪ್ರಚಾರ ಬೇಡ ಎಂದು ಪತ್ರದಲ್ಲಿಯೇ ತಿಳಿಸಿಬಿಡಿ. ಮಕ್ಕಳಲ್ಲಿ ಯಾರಿಗಾದರೂ ಒಳ್ಳೆಯ ಉಪಾಯ ಹೊಳೆದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯ ಮೂಲಕ ಕಳುಹಿಸಬಹುದು. ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ.

ಪ್ರಶ್ನೆ: ಮಗಳು ಹತ್ತನೇ ತರಗತಿಯಲ್ಲಿದ್ದಾಳೆ, ಗಣಿತದಲ್ಲಿ ಚುರುಕು. ಸಿವಿಲ್ ಎಂಜಿನಿಯರಿಂಗ್ ಓದುತ್ತೇನೆ ಎನ್ನುತ್ತಾಳೆ. ಬಿಸಿಲು ಮಳೆಯಲ್ಲಿ ಸೈಟಿನಲ್ಲಿ ನಿಲ್ಲುವ ಕೆಲಸ ಹೆಣ್ಣುಮಕ್ಕಳಿಗೆ ಏಕೆ, ಕಂಪ್ಯೂಟರ್ ಸೈನ್ಸ್ ಓದಿಸಿ ಎಂದು ನೆಂಟರಿಷ್ಟರು ಹೇಳುತ್ತಿದ್ದಾರೆ. ನನಗೂ ಮನಸ್ಸು ಡೋಲಾಯಮಾನವಾಗಿದೆ.
— ಕಾಫಿ ಬೆಳೆಗಾರರು, ವಿರಾಜಪೇಟೆ

ಉತ್ತರ: ನಿಮ್ಮ ತೋಟದಲ್ಲಿ ಕಾಫಿ ಕುಯ್ಲಿನ ಸಮಯದಲ್ಲಿ ದಿನವಿಡೀ ಬಿಸಿಲಿನಲ್ಲಿ ನಿಂತು ದುಡಿಯುವವರಲ್ಲಿ ಹೆಂಗಸರು ಎಷ್ಟಿದ್ದಾರೆ ಎಂದು ನೆಂಟರನ್ನು ಕೇಳಬಹುದು. ಬಿಸಿಲು ಮಳೆಯ ಆಕ್ಷೇಪ ಸಂಬಳ ಹೆಚ್ಚಿರುವ ಕೆಲಸಗಳಿಗೆ ಮಾತ್ರ ಬರುವುದು ವಿಚಿತ್ರ.

ಪಕ್ಕದ ಕೇರಳದಲ್ಲಿ ಪಿ.ಕೆ. ತ್ರೇಸ್ಯಾ ಎಂಬ ಮಹಿಳೆ 1971ರಲ್ಲೇ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ಅವರು ಓದಿದ್ದು ಸಿವಿಲ್. ನಮ್ಮ ಕಾಲದ ಉದಾಹರಣೆ ಬೇಕಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮಾಧವಿ ಲತಾ ಅವರಿದ್ದಾರೆ. ನದೀತಳದಿಂದ 359 ಮೀಟರ್ ಎತ್ತರದಲ್ಲಿರುವ ಚೆನಾಬ್ ರೈಲ್ವೆ ಸೇತುವೆ 2025ರ ಜೂನ್‌ನಲ್ಲಿ ಉದ್ಘಾಟನೆಯಾಯಿತಲ್ಲ, ಅದರ ಎರಡೂ ಬದಿಯ ಬಂಡೆಯ ಇಳಿಜಾರು ಸ್ಥಿರವಾಗಿ ನಿಲ್ಲುವಂತೆ ಮಾಡುವ ಕೆಲಸಕ್ಕೆ ಅವರು ಹದಿನೇಳು ವರ್ಷ ಸಲಹೆಗಾರರಾಗಿದ್ದರು. ಮಣ್ಣು ಮತ್ತು ಬಂಡೆಯ ವರ್ತನೆಯನ್ನು ಅಭ್ಯಾಸ ಮಾಡುವ ಈ ಶಾಖೆ ಕೊಡಗಿಗಿಂತ ಹೆಚ್ಚಾಗಿ ಇನ್ನೆಲ್ಲಿ ಬೇಕು?

ಒಂದು ಮಾತನ್ನು ಮುಚ್ಚಿಡಬಾರದು: ಸಿವಿಲ್‌ನಲ್ಲಿ ಮೊದಲ ಕೆಲವು ವರ್ಷಗಳ ಸಂಬಳ ಸಾಫ್ಟ್‌ವೇರ್ ಕಂಪನಿಗಳ ಸಂಬಳಕ್ಕಿಂತ ಸಾಮಾನ್ಯವಾಗಿ ಕಡಿಮೆ, ಮತ್ತು ಎಷ್ಟೋ ಕಾಮಗಾರಿ ಸ್ಥಳಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯದಂಥ ಕನಿಷ್ಠ ಸೌಲಭ್ಯವೂ ಇರುವುದಿಲ್ಲ. ಇದನ್ನು ಮಗಳಿಗೆ ಹೇಳಿ, ವಿನ್ಯಾಸ, ಮಣ್ಣು ಪರೀಕ್ಷೆ, ನೀರಾವರಿ, ಸರ್ಕಾರಿ ಸೇವೆ ಎಂಬ ಬೇರೆ ಬೇರೆ ದಾರಿಗಳಿವೆ ಎಂಬುದನ್ನೂ ಹೇಳಿ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿ ಮೀರದಿದ್ದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು; ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ ದೊರೆಯುತ್ತದೆ. ತೀರ್ಮಾನ ಅವಳದಾಗಲಿ.

ಪ್ರಶ್ನೆ: ಒಂದನೇ ತರಗತಿಯಿಂದ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲೇ ಓದಿದ್ದೇನೆ. ಗಣಿತ, ವಿಜ್ಞಾನದಲ್ಲಿ ನೂರಕ್ಕೆ ಅರವತ್ತರ ಆಸುಪಾಸು ಅಂಕ ಬರುತ್ತದೆ. ಮೋಟಾರು ಬಿಚ್ಚಿ ಜೋಡಿಸುವುದೆಂದರೆ ಇಷ್ಟ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಸೇರಲೇ, ಡಿಪ್ಲೊಮಾ ಸೇರಲೇ?
— ವಿದ್ಯಾರ್ಥಿ, ಸುಂಟಿಕೊಪ್ಪ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಡಿಪ್ಲೊಮಾ ನಿಮಗೆ ಹೊಂದುತ್ತದೆ ಎನ್ನಿಸುತ್ತದೆ. ಮೂರು ವರ್ಷದ ಈ ಓದಿನಲ್ಲಿ ಮೊದಲಿನಿಂದಲೂ ವರ್ಕ್‌ಶಾಪ್ ಕೆಲಸ ಇರುತ್ತದೆ. ಮುಗಿಸಿದ ಮೇಲೆ ಕೆಲಸಕ್ಕೂ ಸೇರಬಹುದು, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿಯೂ ಸೇರಬಹುದು. ಡಿಪ್ಲೊಮಾ ಎಂದರೆ ದಡ್ಡರ ದಾರಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಸಾಕ್ಷಾತ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ.

ಪಿಯುಸಿಯೇ ಬೇಕೆಂದಿದ್ದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಇರುವ ಸಂಯೋಜನೆ ತೆಗೆದುಕೊಳ್ಳಬೇಕು. ಸಿಇಟಿ ಮೂಲಕ ಬಿ.ಇ. ಸೇರುವವರಿಗೆ ಆ ಮೂರು ವಿಷಯಗಳ ಪಿಯುಸಿ ಅಂಕಗಳಿಗೂ ಸಿಇಟಿ ಅಂಕಗಳಿಗೂ ಸಮ ತೂಕ ಕೊಟ್ಟು ರ‍್ಯಾಂಕ್ ನಿರ್ಧರಿಸುತ್ತಾರೆ; ಆದ್ದರಿಂದ ಕೋಚಿಂಗ್‌ನ ಭರದಲ್ಲಿ ಪಿಯುಸಿ ಪರೀಕ್ಷೆಯನ್ನು ಕಡೆಗಣಿಸುವುದು ನಷ್ಟ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ನಿಯಮಗಳಿಗೆ ಒಳಪಟ್ಟು ಪ್ರತ್ಯೇಕ ಮೀಸಲಾತಿ ಇದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕಾಗುವುದರಿಂದ, ಕೊನೆಯ ವಾರದಲ್ಲಿ ಓಡಾಡುವ ಬದಲು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಯಾವ ದಾರಿ ಹಿಡಿದರೂ ಮುಂದಿನ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಈಗಿನಿಂದಲೇ ದಿನಕ್ಕೆ ಒಂದು ಪುಟ ವಿಜ್ಞಾನವನ್ನು ಎರಡೂ ಭಾಷೆಗಳಲ್ಲಿ ಓದುವ ಅಭ್ಯಾಸ ಮಾಡಿಕೊಂಡರೆ ಮೊದಲ ವರ್ಷದ ಭಯ ಬಹಳ ಮಟ್ಟಿಗೆ ತಗ್ಗುತ್ತದೆ.

ಪ್ರಶ್ನೆ: ಯಾವ ಬ್ರಾಂಚಿಗೆ ಮುಂದೆ ಸ್ಕೋಪ್ ಇದೆ?
— ಪೋಷಕರು, ಕುಶಾಲನಗರ

ಉತ್ತರ: ಹತ್ತನೇ ತರಗತಿಯ ವಿದ್ಯಾರ್ಥಿ ಬಿ.ಇ. ಮುಗಿಸಲು ಇನ್ನೂ ಆರು ವರ್ಷ ಬೇಕು. ಆ ಹೊತ್ತಿನ ಮಾರುಕಟ್ಟೆಯನ್ನು ಇಂದೇ ಹೇಳಬಲ್ಲವರಿದ್ದರೆ ಅವರು ಅಂಕಣ ಬರೆಯುತ್ತಾ ಕೂರುತ್ತಿರಲಿಲ್ಲ. ನೆರೆಯ ಸುಳ್ಯದ ಗಿರೀಶ್ ಭಾರದ್ವಾಜ್ ಮಂಡ್ಯದಲ್ಲಿ ಓದಿದ್ದು ಮೆಕ್ಯಾನಿಕಲ್. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿಕೊಟ್ಟ ಮೇಲೆ ಹಳ್ಳಿಗಳಿಗೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದರು. 2017ರಲ್ಲಿ ಪದ್ಮಶ್ರೀ ಬಂತು. ಮಗುವಿಗೆ ಯಾವ ವಿಷಯದ ಲೆಕ್ಕ ಬೇಸರ ತರಿಸುವುದಿಲ್ಲವೋ ಆ ಬ್ರಾಂಚನ್ನು ನೋಡಿ.

ಪ್ರಶ್ನೆ: ನಾನು ನಿವೃತ್ತ ಸೈನಿಕ. ಮಗನಿಗೆ ಸೇನೆಗೂ ಸೇರಬೇಕು, ಎಂಜಿನಿಯರೂ ಆಗಬೇಕು ಎಂಬ ಆಸೆ. ಎರಡೂ ಒಟ್ಟಿಗೆ ಸಾಧ್ಯವೇ?
— ಸೋಮವಾರಪೇಟೆ

ಉತ್ತರ: ಸಾಧ್ಯ. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿ ಕನಿಷ್ಠ ಶೇ 60 ಅಂಕ ಪಡೆದು, ಜೆಇಇ ಮೇನ್ ಪರೀಕ್ಷೆ ಬರೆದವರು ಭೂಸೇನೆಯ ತಾಂತ್ರಿಕ ಪ್ರವೇಶ ಯೋಜನೆಗೆ ಅರ್ಜಿ ಹಾಕಬಹುದು. ಸೇನಾಧಿಕಾರಿಗಳನ್ನು ಆರಿಸುವ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನ ಮತ್ತು ವೈದ್ಯಕೀಯ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ತರಬೇತಿಯ ಜೊತೆಯಲ್ಲಿ ಸೇನೆಯೇ ಎಂಜಿನಿಯರಿಂಗ್ ಪದವಿ ಓದಿಸುತ್ತದೆ. ಬಿ.ಇ. ಮುಗಿಸಿದ ನಂತರ ಸೇರಲೂ ಬೇರೆ ತಾಂತ್ರಿಕ ಪ್ರವೇಶಗಳಿವೆ. ಸೈನ್ಯದ ಸೇತುವೆ, ರಸ್ತೆ, ನೆಲಬಾಂಬ್ ತೆರವು ಇವೆಲ್ಲ ಎಂಜಿನಿಯರ್ ದಳದ ಕೆಲಸ ಎಂಬುದು ನಿಮಗೆ ತಿಳಿದೇ ಇದೆ. ಆ ದಳದ ಬೆಂಗಳೂರಿನ ಘಟಕವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸೇವೆ ಸಲ್ಲಿಸಿದ ನಿಮ್ಮ ಗೆಳೆಯರು ಯಾರಾದರೂ ಇದ್ದರೆ ಮಗನನ್ನು ಒಂದು ಸಂಜೆ ಅವರ ಬಳಿ ಕರೆದುಕೊಂಡು ಹೋಗಿ, ಅವನ ಪ್ರಶ್ನೆಗಳನ್ನು ಅವನೇ ಕೇಳಲಿ.