ಆಟದ ಪೀರಿಯಡ್ಡಿಗೆ ಮಗಳು ಕಟ್ಟೆ ಮೇಲೆ ಕೂಡಬೇಕೇ?

ಪ್ರಶ್ನೆ: ಮಗಳು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು. ಕಬಡ್ಡಿ ಅಂದರೆ ಜೀವ ಬಿಡುತ್ತಾಳೆ. ಆದರೆ ಆಟದ ಪೀರಿಯಡ್ಡಿಗೆ ಮೈದಾನವೆಲ್ಲ ಹುಡುಗರ ಕ್ರಿಕೆಟ್ಟಿಗೆ. ಹುಡುಗಿಯರು ಕಟ್ಟೆ ಮೇಲೆ ಕೂತು ಸ್ಕೋರ್ ಬರೆಯಬೇಕು. ಕೇಳಿದರೆ ‘ಥ್ರೋಬಾಲ್ ಆಡಲಿ ಬಿಡ್ರಿ’ ಅಂತಾರೆ, ಆ ಚೆಂಡಿಗೂ ಗಾಳಿ ಇಲ್ಲ. ಮನೆಯಲ್ಲಿ ಅತ್ತೆ, ‘ದೊಡ್ಡಾಕಿ ಆದ ಮ್ಯಾಲ ಎಂಥಾ ಕಬಡ್ಡಿ’ ಅಂತಾರೆ. ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ (ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಕಲಬುರಗಿ): ತಂಗೆವ್ವ, ಆ ಗಾಳಿ ಇಲ್ಲದ ಚೆಂಡಿನಿಂದಲೇ ಸುರು ಮಾಡೋಣ. ಹಿರಿಯ ಪ್ರಾಥಮಿಕ ಶಾಲೆಯ ಆಟದ ಸಾಮಾನಿಗೆಂದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 10,000 ರೂಪಾಯಿ ತನಕ ಅನುದಾನವಿದೆ. ಅದರಲ್ಲಿ ಏನು ತಂದರು, ಕಪಾಟಿನ ಕೀಲಿ ಯಾರ ಹತ್ತಿರ ಇದೆ ಅಂತ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕು. ಎಷ್ಟೋ ಊರಲ್ಲಿ ಆ ಹೆಂಗಸರ ಸಹಿಗೆ ರಿಜಿಸ್ಟರೇ ಮನೆ ಬಾಗಿಲಿಗೆ ಬರುತ್ತದೆ, ಆ ಮಾತು ಬೇರೆ. ನೀವು ಸಭೆಗೇ ಹೋಗಿ.

ಕೇಳುವುದನ್ನು ಅಳತೆ ಹಾಕಿ ಕೇಳಿ. ‘ಸಮಾನತೆ ಕೊಡಿ’ ಅಂದರೆ ಎಲ್ಲರೂ ತಲೆಯಾಡಿಸಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಹೆಂಗಸರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಅಷ್ಟೇ. ಮೈದಾನದ ಒಂದು ಮೂಲೆ ಸಾಕು. ಅದು ಹುಡುಗಿಯರದು ಅಂತ ವೇಳಾಪಟ್ಟಿಯಲ್ಲೇ ಬರೆಸಿ. ನಮ್ಮ ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಕಾಲು ಸಿಕ್ಕರೆ ಹರಡು ಉಳುಕಿತೇ ಸರಿ. ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಹಾಕಿಸಿ ಹದ ಮಾಡಿಸಿ.

ಬಟ್ಟೆಯದೂ ಒಂದು ಮಾತು. ದುಪ್ಪಟ್ಟಾಕ್ಕೆ ಎರಡೂ ಭುಜದ ಮೇಲೆ ಪಿನ್ನು ಚುಚ್ಚಿಕೊಂಡು ರೇಡಿಗೆ ಬರುವ ಹುಡುಗಿಯರನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಎದುರಿನವಳ ಕೈ ಅದಕ್ಕೆ ಸಿಕ್ಕು, ಪಿನ್ನು ಬಿಚ್ಚಿ, ಕುತ್ತಿಗೆ ಗೀರಿದ್ದನ್ನೂ ಕಂಡಿದ್ದೇನೆ. ಆಟದ ದಿನ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಹಾಕಿಸಿ. ಗಾಜಿನ ಬಳೆ, ಜುಮಕಿ ಮನೆಯಲ್ಲೇ ಇರಲಿ.

ಥ್ರೋಬಾಲ್ ಕೀಳಲ್ಲ. ಆದರೆ ಹುಡುಗಿಯರಿಗೆ ಅದೇ ಸರಿ ಅನ್ನುವವರಿಗೆ ಹೇಳಿ: ಏಷ್ಯನ್ ಗೇಮ್ಸ್‌ನಲ್ಲಿ ಥ್ರೋಬಾಲ್ ಇಲ್ಲ, ಹೆಂಗಸರ ಕಬಡ್ಡಿ 2010ರಿಂದ ಇದೆ. ಆ ಮೊದಲ ಸಲವೇ ಚಿನ್ನ ನಮ್ಮವರದು.

ಅತ್ತೆಯವರಿಗೆ ಈ ಪದಕದ ಕಥೆ ನಾಟುವುದಿಲ್ಲ ಬಿಡಿ. ಮುಟ್ಟಾದಾಗ ಆಡಿದರೆ ಮೈಗೆ ಕೇಡಿಲ್ಲ ಅಂತ ಆಶಾ ಕಾರ್ಯಕರ್ತೆಯಿಂದಲೇ ಹೇಳಿಸಿ. ನೋವಿದ್ದ ದಿನ ಹುಡುಗಿ ತಾನೇ ಕೂಡಲಿ, ಬೇರೆಯವರು ಕೂಡಿಸುವುದು ಬೇಡ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಬಿಸಿಯೂಟ ಆದ ಮೇಲೆ ನುಂಗುತ್ತಾಳೋ, ಕಿಟಕಿಯಿಂದ ಎಸೆಯುತ್ತಾಳೋ ವಿಚಾರಿಸಿ. ರಕ್ತ ಕಡಿಮೆ ಇದ್ದರೆ ಎರಡು ರೇಡಿಗೇ ಏದುಸಿರು ಬರುತ್ತದೆ.

ಇಷ್ಟಾದರೂ ಶಾಲೆ ಜಗ್ಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ದೈಹಿಕ ಶಿಕ್ಷಣ ಪರಿವೀಕ್ಷಕರಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಒಬ್ಬರೇ ಮಾತ್ರ ಹೋಗಬೇಡಿ. ಕಬಡ್ಡಿ ತಂಡಕ್ಕೆ ಅಂಕಣದಲ್ಲಿ ಏಳು, ಹೊರಗೆ ಐದು ಹುಡುಗಿಯರು ಬೇಕು. ಮೊದಲು ಇನ್ನೂ ಹನ್ನೊಂದು ತಾಯಂದಿರನ್ನು ಮಾತಾಡಿಸಿ.