ಬ್ಯಾಟರಿ ಬದಲಿಸುವ ಸ್ಕೂಟರ್ ಯಾರಿಗೆ ಲಾಭ?

ಪ್ರಶ್ನೆ: ಬಾಡಿಗೆ ಬ್ಯಾಟರಿಯ ವಿದ್ಯುತ್ ಸ್ಕೂಟರ್ ಅಗ್ಗವಾಗಿದೆ. ದಿನಕ್ಕೆ 15 ಕಿ.ಮೀ. ಓಡಿಸುವ ನನಗೆ ಗಿಟ್ಟುತ್ತದೆಯೇ?

ಉತ್ತರ: ಮನೆಯಲ್ಲಿ ಪ್ಲಗ್ ಇದ್ದರೆ ಗಿಟ್ಟುವುದು ಕಷ್ಟ. ಬ್ಯಾಟರಿ ನಿಮ್ಮದಲ್ಲ, ಅದಕ್ಕೇ ಸ್ಕೂಟರ್ ಅಗ್ಗ; ಖಾಲಿಯಾದಾಗ ಕೇಂದ್ರಕ್ಕೆ ಹೋಗಿ, ಶುಲ್ಕ ಕೊಟ್ಟು, ಚಾರ್ಜಾದ ಬೇರೆ ಬ್ಯಾಟರಿಗೆ ಬದಲಿಸಿಕೊಳ್ಳಬೇಕು. ಬ್ಯಾಟರಿಯ ಸವಕಳಿ, ಕೇಂದ್ರದ ಖರ್ಚು, ಚಾರ್ಜಿಗೆ ಕೂತ ಹೆಚ್ಚುವರಿ ಬ್ಯಾಟರಿಗಳ ಮೇಲಿನ ಬಡ್ಡಿ ಎಲ್ಲವೂ ಶುಲ್ಕದೊಳಗೇ ಅಡಗಿರುತ್ತದೆ. ಕಿ.ಮೀ.ಗೆ 30 ವ್ಯಾಟ್-ಗಂಟೆ ಹಿಡಿದರೂ ನಿಮಗೆ ಬೇಕಿರುವುದು, ಚಾರ್ಜರ್ ನಷ್ಟ ಸೇರಿ, ದಿನಕ್ಕೆ ಸುಮಾರು ಅರ್ಧ ಯೂನಿಟ್ ಕರೆಂಟು ಅಷ್ಟೇ.

ದಿನಕ್ಕೆ 100 ಕಿ.ಮೀ. ಸುತ್ತುವ ಡೆಲಿವರಿಯವರ ಲೆಕ್ಕ ಬೇರೆ. ಅವರಿಗೆ ಚಾರ್ಜಿಗೆ ನಿಂತ ಗಂಟೆಯೇ ನಷ್ಟ.

ಶುಲ್ಕ ಯೂನಿಟ್ ಲೆಕ್ಕದ್ದೋ, ಬದಲಾವಣೆ ಲೆಕ್ಕದ್ದೋ ಕೇಳಿ. ಎರಡನೆಯದಾದರೆ ಎಚ್ಚರ: ಸಾಮರ್ಥ್ಯ ಶೇ. 20 ಕುಸಿದ ಹಳೆ ಬ್ಯಾಟರಿ ಕೈಗೆ ಬಂದರೆ, ಅದೇ ದುಡ್ಡಿಗೆ 50 ಕಿ.ಮೀ. ಬದಲು 40 ಮಾತ್ರ.