ಲಾಯಕ್ಕೆ ನಾಲ್ಕೂ ಕಡೆ ಟಾರ್ಪಾಲ್ ಬೇಡ

ನಮಸ್ಕಾರ. ಡೆಂಕಣಿಕೋಟೆಯ ಚಳಿಗೆ ಲಾಯದ ಸುತ್ತ ಟಾರ್ಪಾಲ್ ಕಟ್ಟಿ, ರಾತ್ರಿ ಕುದುರೆಗೆ ಗೋಣಿ ಹೊದಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಪೂರ್ತಿ ಮುಚ್ಚಬೇಡಿ. ಮೈ ಒಣಗಿರುವ, ಆರೋಗ್ಯವಾದ ಕುದುರೆ ನಮ್ಮ ಕಡೆಯ ಡಿಸೆಂಬರ್ ಚಳಿಯನ್ನು ಸುಲಭವಾಗಿ ತಡೆಯುತ್ತದೆ. ಗಾಳಿಯಾಡದ ಲಾಯದಲ್ಲಿ ಗಂಜಲದ ಅಮೋನಿಯಾ ನಿಂತು ಕೆಮ್ಮು ಶುರುವಾಗುತ್ತದೆ. ಗಾಳಿ ಬೀಸುವ ಕಡೆ ಮಾತ್ರ ಕುದುರೆಯ ಬೆನ್ನಿನೆತ್ತರಕ್ಕೆ ಕಟ್ಟಿ, ಸೂರಿನ ಕೆಳಗೆ ತೆರವು ಬಿಡಿ. ಒದ್ದೆ ಮೈಮೇಲೆ ಗೋಣಿ ಹಾಕಲೇಬೇಡಿ, ಮೊದಲು ಒಣಹುಲ್ಲಿನಿಂದ ತಿಕ್ಕಿ ಒಣಗಿಸಿ.

ನಿಜವಾದ ಅಪಾಯ ನೀರಿನದು. ಚಳಿಯಲ್ಲಿ ಕುದುರೆ ಕಡಿಮೆ ಕುಡಿಯುತ್ತದೆ, ಒಣ ರಾಗಿಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. 300 ಕೆಜಿ ತೂಕದ ಕುದುರೆಗೆ ದಿನಕ್ಕೆ 15ರಿಂದ 20 ಲೀಟರ್ ಬೇಕು. ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಕೊಡಿ, ಮೇವಿಗೆ ದಿನಕ್ಕೆ 25 ಗ್ರಾಂ ಉಪ್ಪು ಸೇರಿಸಿ. ಒಣಮೇವು 6 ಕೆಜಿ ಇರಲಿ. ಚಳಿ ಹೆಚ್ಚಿದರೆ ಹುರುಳಿ ಏರಿಸಬೇಡಿ, ರಾತ್ರಿಗೆ ಇನ್ನೊಂದು ಕೆಜಿ ಹುಲ್ಲು ಹಾಕಿ. ನಾರು ಹೊಟ್ಟೆಯಲ್ಲಿ ಹುದುಗುವಾಗಲೇ ಮೈಗೆ ಕಾವು ಸಿಗುವುದು. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ.

ಹಿಂಗಾರಿನ ಕೆಸರಿನಲ್ಲಿ ಗೊರಸಿನಡಿಯ ಮೆತ್ತನೆ ಭಾಗ ಕೊಳೆತು ನಾರುತ್ತದೆ, ದಿನಾ ಕೆರೆದು ನೋಡಿ. ಕುದುರೆ ನೆಲ ಕೆರೆಯುತ್ತ, ಪಕ್ಕೆ ತಿರುಗಿ ನೋಡುತ್ತ, ಲದ್ದಿ ಹಾಕದಿದ್ದರೆ ಮೇವು ನಿಲ್ಲಿಸಿ ತಕ್ಷಣ ಪಶುವೈದ್ಯರನ್ನು ಕರೆಸಿ.